ಹಗರೆ ಅಕ್ಕನ ಹುರುಳಿ ಸಾರು

ಅಕ್ಕ ತೀರಿಕೊಂಡ ಎರಡನೇ ತಿಂಗಳಲ್ಲಿ ಅರಸೀಕೆರೆಗೆ ಒಂದು ನಾಮಕರಣಕ್ಕೆ ಹೋಗಿದ್ದೆ. ಗಂಡನ ಕಡೆಯ ದೂರದ ನೆಂಟರ ಮನೆ. ಎಲೆಗೆ ಅನ್ನ ಬಿತ್ತು, ಅನ್ನದ ಮೇಲೆ ಹುರುಳಿ ಸಾರು ಬಿತ್ತು. ಬಡಿಸುತ್ತಿದ್ದ ಹೆಂಗಸನ್ನು ನಾನು ಹಿಂದೆ ಎಂದೂ ನೋಡಿರಲಿಲ್ಲ. ಅವಳು ಸೌಟನ್ನು ಎತ್ತಿ ಹಿಡಿದುಕೊಂಡೇ ಪಕ್ಕದ ಎಲೆಯವರಿಗೆ ಹೇಳಿದಳು:

"ಈ ಸಾರು ಇವರ ಮನೇದೇ ಕಣ್ರೀ. ಮಾದಿಹಳ್ಳಿಯೋರು. ಇವರತ್ತೆ ಕೈದು. ನಮ್ಗೆ ಜೆರಾಕ್ಸ್ ಹಾಳೇಲಿ ಬಂತು."

ಪಕ್ಕದವರು ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ. ತುತ್ತು ಬಾಯಿಗಿಟ್ಟೆ. ಕೊಬ್ಬರಿ ಇತ್ತು, ಹುಳಿ ಇತ್ತು, ಖಾರ ಹದವಾಗಿತ್ತು. ಆದರೆ ಅದರಲ್ಲಿ ಇರಬೇಕಾದ ಒಂದು ಇರಲಿಲ್ಲ. ಅದು ಇಲ್ಲದ ಹಾಗೆ ಮಾಡಿದವಳು ನಾನು. ಅದು ಯಾರ ಸಾರು ಎಂಬುದನ್ನು ಮುಚ್ಚಿಟ್ಟವಳೂ ನಾನೇ. ಆ ತುತ್ತನ್ನು ನುಂಗಲು ಎರಡು ಸಲ ನೀರು ಕುಡಿದೆ.

ನನಗೆ ಓದು ಏಳನೇ ತರಗತಿಗೇ ನಿಂತಿತು. ಅದರ ಕಥೆಯೂ ಅಕ್ಕನದೇ. ನಮ್ಮ ತವರು ಅರಸೀಕೆರೆ ಕಡೆ. ತೆಂಗು, ಕೊಬ್ಬರಿ, ಮಠದ ನಡೆ, ಬೆಳಿಗ್ಗೆ ಎದ್ದರೆ ಲಿಂಗಪೂಜೆ. ಅಕ್ಕ ಹೊಲಿಗೆ ಕಲಿಯಲು ಅರಸೀಕೆರೆಗೆ ಹೋಗಿ ಬರುತ್ತಿದ್ದವಳು ಒಂದು ದಿನ ಬರಲಿಲ್ಲ. ಹಗರೆಯ ಒಬ್ಬ ಹೈಸ್ಕೂಲು ಮೇಷ್ಟ್ರನ್ನು ಮದುವೆಯಾಗಿದ್ದಳು. ಅವರದು ಬೌದ್ಧರ ಮನೆ. ಅಪ್ಪ ಅವಳ ಬಟ್ಟೆಗಳನ್ನೆಲ್ಲ ಹಿತ್ತಲಿನಲ್ಲಿ ಸುಟ್ಟರು. ಮಾರನೇ ದಿನ ನನ್ನ ಶಾಲೆಯ ಚೀಲವನ್ನು ಎತ್ತಿ ಅಟ್ಟದ ಮೇಲೆ, ಕೊಬ್ಬರಿಯ ರಾಶಿಯ ಹಿಂದೆ ಇಟ್ಟರು. "ಒಬ್ಳು ಓದಿದ್ದು ಸಾಕು" ಎಂದರು. ನನ್ನ ಅಕ್ಷರ ಗುಂಡಗೆ ಇತ್ತು. ಮೇಷ್ಟ್ರುಗಳು ನನ್ನ ಪುಸ್ತಕವನ್ನು ಬೇರೆಯವರಿಗೆ ತೋರಿಸುತ್ತಿದ್ದರು. ಅಕ್ಕ ತನ್ನ ಬದುಕು ನೋಡಿಕೊಂಡಳು, ನನ್ನದು ಅಟ್ಟ ಹತ್ತಿತು ಎಂಬ ಸಿಟ್ಟು ನನ್ನೊಳಗೆ ಬಹಳ ವರ್ಷ ಇತ್ತು. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ನಾನು ಮಾಡಿದ್ದರಲ್ಲಿ ಆ ಸಿಟ್ಟಿನ ಪಾಲೂ ಇದೆ.

ನನ್ನನ್ನು ಮಾದಿಹಳ್ಳಿಗೆ ಕೊಟ್ಟರು. ಇವರದೂ ನಮ್ಮ ಹಾಗೆಯೇ ತೆಂಗಿನ ಮನೆ, ಮಠಕ್ಕೆ ನಡೆದುಕೊಳ್ಳುವ ಮನೆ. ಅಕ್ಕನ ಹೆಸರು ಇಲ್ಲಿಯೂ ಎತ್ತುವ ಹಾಗಿರಲಿಲ್ಲ. ಆದರೆ ಹಗರೆ ದೂರವೇನಲ್ಲ. ಮದುವೆಯಾಗಿ ಎರಡು ವರ್ಷಕ್ಕೆ ನಾನು ಬೇಲೂರಿಗೆ ಹೋಗಿ ಬರ್ತೀನಿ ಎಂದು ಅತ್ತೆಗೆ ಹೇಳಿ ಹಗರೆಯ ಬಸ್ಸು ಹತ್ತುವುದನ್ನು ಕಲಿತೆ. ತವರಿಗೆ ಹೋದಾಗ ಅಟ್ಟದಿಂದ ನಾಲ್ಕು ಕೊಬ್ಬರಿ ಎತ್ತಿಕೊಂಡು, ಚೀಲದ ಅಡಿಯಲ್ಲಿ ಸೀರೆಗೆ ಸುತ್ತಿ ತಂದು ಅಕ್ಕನಿಗೆ ಕೊಡುತ್ತಿದ್ದೆ. ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮೂಸಿ, "ಅಟ್ಟದ್ದು ಕಣೇ" ಎನ್ನುತ್ತಿದ್ದಳು. ಮತ್ತೇನೂ ಕೇಳುತ್ತಿರಲಿಲ್ಲ. ಅಪ್ಪ ಹೇಗಿದ್ದಾರೆ ಎಂದೂ ಕೇಳುತ್ತಿರಲಿಲ್ಲ.

ಆ ಕೊಬ್ಬರಿಯಲ್ಲಿ ಅವಳು ಹುರುಳಿ ಸಾರು ಮಾಡುತ್ತಿದ್ದಳು. ನಮ್ಮವ್ವನೂ ಹುರುಳಿ ಸಾರು ಮಾಡುತ್ತಿದ್ದಳು, ಆದರೆ ಇದು ಬೇರೆ. ಹುರುಳಿ ಬೇಯಿಸಿ ಕಟ್ಟು ಬಸಿದು ಇಟ್ಟುಕೊಳ್ಳುವುದು ನಮ್ಮವ್ವನ ರೀತಿ. ಕೊಬ್ಬರಿಯನ್ನು ನೇರವಾಗಿ ಕೆಂಡಕ್ಕೆ ಹಾಕಿ, ಎಣ್ಣೆ ಜಿನುಗಿ ಕಪ್ಪಾಗುವ ತನಕ ಸುಟ್ಟು, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಜೊತೆ ರುಬ್ಬುವುದು ಅಕ್ಕನ ಅತ್ತೆಯ ರೀತಿ. ಆ ಅತ್ತೆ ಹೀಗೆ ಮಾಡುತ್ತಿದ್ದದ್ದು ಮಾಂಸದ ಸಾರಿಗೆ. ಅಕ್ಕ ಮಾಂಸ ತಿನ್ನುವುದನ್ನು ಕಲಿಯಲಿಲ್ಲ. ಆ ಮನೆಯಲ್ಲಿ ಯಾರೂ ಅವಳನ್ನು ಒತ್ತಾಯ ಮಾಡಲಿಲ್ಲ. "ನಿಂಗೆ ಹುರುಳೀಲೇ ಮಾಡ್ಕೊಡ್ತೀನಿ ಬಾರವ್ವ" ಎಂದು ಅತ್ತೆಯೇ ಮೊದಲ ಸಲ ಮಾಡಿ ಕೊಟ್ಟರಂತೆ. ಆಮೇಲೆ ಅಕ್ಕ ಅದಕ್ಕೆ ನಮ್ಮವ್ವನ ಕಟ್ಟು ಸೇರಿಸಿದಳು. ಹೀಗೆ ಎರಡು ಮನೆ ಸೇರಿ ಒಂದು ಸಾರಾಯಿತು.

ಕೊನೆಗೊಂದು ಕೆಲಸ ಇತ್ತು. ಸಾರು ಇಳಿಸಿದ ಮೇಲೆ ಒಂದು ಕೊಬ್ಬರಿ ಚೂರನ್ನು ಇಕ್ಕಳದಲ್ಲಿ ಹಿಡಿದು, ಅದು ಹತ್ತಿಕೊಂಡು ಕೆಂಡದ ಹಾಗಾದ ಮೇಲೆ ಸಾರಿಗೆ ಬಿಡಬೇಕು. ಚುಂಯ್ ಎನ್ನುತ್ತದೆ. ಆ ಕ್ಷಣಕ್ಕೇ ಮುಚ್ಚಳ ಬೀಳಬೇಕು. ಇಲ್ಲದಿದ್ದರೆ ಹೊಗೆ ಆಚೆ ಹೋಗಿ ಸಾರು ಸಪ್ಪೆ. ಒಬ್ಬರು ಬಿಡಬೇಕು, ಒಬ್ಬರು ಮುಚ್ಚಬೇಕು. ಒಬ್ಬರೇ ಮಾಡಿದರೆ ತಡವಾಗುತ್ತದೆ. ನಾನು ಹೋದ ದಿನ ಮುಚ್ಚುವುದು ನನ್ನ ಕೆಲಸ. ಹಿತ್ತಾಳೆಯ ತಟ್ಟೆ ಹಿಡಿದು ಕಾಯುತ್ತಿದ್ದೆ.

"ಮುಚ್ಚೇ! ಮುಚ್ಚೇ! ಬಾಯ್ ಬಿಟ್ಕಂಡ್ ನಿಂತವ್ಳೆ ನೋಡು" ಎಂದು ಅಕ್ಕ ಕೂಗುತ್ತಿದ್ದಳು. ಅವಳ ಅತ್ತೆ ಬಾಗಿಲಲ್ಲಿ ಕೂತು ನಗುತ್ತಿದ್ದರು.

ನಮ್ಮ ಹೆಂಗಸರ ಸಂಘದಲ್ಲಿ ಮನೆಯಡುಗೆಯ ದಿನ ಶುರುವಾದದ್ದು ಮೂರು ವರ್ಷದ ಹಿಂದೆ. ತಿಂಗಳಿಗೊಮ್ಮೆ ಸಮುದಾಯ ಭವನದಲ್ಲಿ ಸೇರುವುದು, ಒಂದು ಮನೆಯವರು ತಮ್ಮ ಮನೆಯ ಅಡುಗೆಯನ್ನು ಮಾಡಿ ತೋರಿಸುವುದು, ಎಲ್ಲರೂ ಕೂತು ತಿನ್ನುವುದು. ಇದು ಧಾರವಾಡದ ಕಡೆಯಿಂದ ಬಂದ ಒಬ್ಬ ಟೀಚರಮ್ಮನ ಯೋಚನೆ. ಮೊದಲ ತಿಂಗಳು ಅವರೇ ಜೋಳದ ರೊಟ್ಟಿ ಬಡಿದರು. ನಮ್ಮ ಕೈಯಲ್ಲಿ ಅದು ಭಾರತದ ನಕ್ಷೆಯಾಯಿತು. ಹಳೇಬೀಡಿನ ಸಾಬರ ಮನೆಯ ಹೆಂಗಸೊಬ್ಬರು ಹಾಲಿನ ಶಾವಿಗೆ ಮಾಡಿ ತಂದರು. "ರಂಜಾನ್ ಬರೋ ತನ್ಕ ಯಾಕೆ ಕಾಯ್ತೀರ, ತಿನ್ರಿ" ಎಂದರು. ಗೌಡರ ಮನೆಯವರು ಮುದ್ದೆ, ಉಪ್ಸಾರು ಮಾಡಿದರು.

ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆಯಬೇಕೆಂದಾಯಿತು. ನನ್ನ ಗುಂಡಗಿನ ಅಕ್ಷರ ಆಗ ನೆನಪಾಯಿತು ಎಲ್ಲರಿಗೂ. ನಲವತ್ತು ದಾಟಿದ ಮೇಲೆ ನನ್ನ ಕೈಗೆ ಮತ್ತೆ ಪುಸ್ತಕ, ಪೆನ್ನು ಬಂತು. ಟೀಚರಮ್ಮ ಒಂದು ನಿಯಮ ಮಾಡಿದ್ದರು. ಅಡುಗೆ ಯಾವುದು, ಮಾಡುವುದು ಹೇಗೆ ಎಂದು ಬರೆದ ಮೇಲೆ ಕೊನೆಯ ಸಾಲಿನಲ್ಲಿ ಯಾರ ಕೈಯಿಂದ ಕಲಿತದ್ದು ಎಂದು ಬರೆಯಲೇಬೇಕು. "ಅಡಿಗಿ ಆಕಾಶದಿಂದ ಬೀಳಂಗಿಲ್ಲ ರೀ, ಯಾರೋ ಕಲಿಸಿರ್ತಾರ" ಎಂದಿದ್ದರು.

ನನ್ನ ಸರದಿ ಬಂತು. ನಮ್ಮತ್ತೆಯ ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸುವಂಥ ಅಡುಗೆ ಯಾವುದೂ ಇರಲಿಲ್ಲ. ಅತ್ತೆ ಅಡುಗೆಯನ್ನು ಹಸಿವೆಗೆ ಮಾಡುವವರು, ರುಚಿಗೆ ಮಾಡುವವರಲ್ಲ. ನನಗೋ ಎಲ್ಲರೂ ಆಹಾ ಎನ್ನಬೇಕೆಂಬ ಆಸೆ. ಅಕ್ಕನ ಸಾರು ಮಾಡಿದೆ. ಎಲ್ಲರೂ ಆಹಾ ಎಂದರು. ಗೌಡರ ಮನೆಯವರು ಕೈ ನೆಕ್ಕುತ್ತಾ, "ಯಾರ್ ಕೈದೇ ಇದು?" ಎಂದರು.

ಅತ್ತೆ ನನ್ನ ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ನಾನು ಹಗರೆಗೆ ಹೋಗಿ ಬರುವುದು ಅವರಿಗೆ ಗೊತ್ತಿರಲಿಲ್ಲ. ನಾನು ಅವರ ಕಡೆ ಕೈ ತೋರಿಸಿ, "ನಮ್ಮತ್ತೆಯವರದ್ದು" ಎಂದೆ.

ಅತ್ತೆ ಒಂದು ಸಲ ನನ್ನನ್ನು ನೋಡಿದರು. ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಸೆರಗು ಸರಿಮಾಡಿಕೊಂಡು, "ಏನೋ, ಹಳೇ ಕಾಲ್ದದ್ದು" ಎಂದರು.

ಕೊನೆಯ ಕೆಂಡದ ಕೆಲಸವನ್ನು ನಾನು ಅಲ್ಲಿ ಮಾಡಿರಲಿಲ್ಲ. ನೋಟುಬುಕ್ಕಿನಲ್ಲಿ ಬರೆಯಲೂ ಇಲ್ಲ. ಯಾರಾದರೂ ಕೇಳಿದ್ದರೆ ಮರೆತೆ ಎನ್ನುತ್ತಿದ್ದೆ. ಮರೆತಿರಲಿಲ್ಲ. ಕೆಂಡ ಬಿಟ್ಟು ಮುಚ್ಚುವುದು ಯಾವ ಕೇರಿಯವರ ರೂಢಿ ಎಂದು ತಿಳಿದವರು ಆ ಗುಂಪಿನಲ್ಲಿ ಇದ್ದೇ ಇರುತ್ತಾರೆ, ಹೊಗೆ ಮೂಗಿಗೆ ಬಿದ್ದರೆ ಗೊತ್ತಾಗಿಬಿಡುತ್ತದೆ ಎಂದು ಹೆದರಿದೆ. ಬರೆಯುವಾಗ ನನ್ನೊಳಗೆ ಒಂದು ಮಾತು ಎದ್ದದ್ದೂ ನೆನಪಿದೆ: ನನ್ನ ಓದು ಹೋದದ್ದು ಅವಳಿಂದ, ಒಂದು ಸಾರು ಹೋದರೆ ಅವಳಿಗೇನು?

ಟೀಚರಮ್ಮ ಆ ಪುಟಗಳನ್ನು ಜೆರಾಕ್ಸ್ ಮಾಡಿಸಿದರು. ಬೇಲೂರಿನ ಆಫೀಸುಗಳ ಹೆಂಗಸರು ಒಯ್ದರು, ಅರಸೀಕೆರೆಗೆ ಹೋಯಿತು. ಮಠದಲ್ಲಿ ಒಂದು ದೊಡ್ಡ ಊಟಕ್ಕೆ "ನಿಮ್ಮತ್ತೆಯ ಸಾರು ಮಾಡಿಸಿ" ಎಂದು ನಮ್ಮ ಮನೆಗೆ ಹೇಳಿ ಕಳಿಸಿದರು. ಸಾವಿರ ಜನ ಉಂಡರು. ಅತ್ತೆಯನ್ನು ಮುಂದೆ ಕೂರಿಸಿದರು.

ಅಂಗನವಾಡಿಯವರ ಕೈಯಿಂದ ಆ ಹಾಳೆ ಹಗರೆಗೂ ಹೋಗಿತ್ತು. ನಾನು ಮುಂದಿನ ಸಲ ಹೋದಾಗ ಅಕ್ಕ ಅದನ್ನು ಉಪ್ಪಿನ ಡಬ್ಬಿಯ ಅಡಿಯಿಂದ ತೆಗೆದಳು. ನನ್ನ ಅಕ್ಷರ ಅವಳಿಗೆ ಗುರುತು ಸಿಗದೇ ಇರುತ್ತದೆಯೇ. ನಾನು ನೆಲ ನೋಡುತ್ತಾ ನಿಂತೆ.

"ಹೆಸ್ರು ಹೋಗ್ಲಿ ಬಿಡು. ಕೆಂಡ ಯಾಕೆ ಬರೀಲಿಲ್ಲ?" ಎಂದಳು.

"ಮರ್ತೋಯ್ತು ಕಣಕ್ಕ."

"ಮರ್ತೋಯ್ತಾ? ತಟ್ಟೆ ಹಿಡ್ಕಂಡು ನಿಂತಿರ್ತಿದ್ದೋಳು ನೀನೇ ಅಲ್ವೇನೇ?"

ಆಮೇಲೆ ನಕ್ಕಳು. ಮಠದ ಊಟದ ಸುದ್ದಿಯೂ ಅವಳಿಗೆ ಮುಟ್ಟಿತ್ತು. "ನನ್ ಸಾರು ಮಠದ ಮೆಟ್ಲು ಹತ್ತಿತು ನೋಡು. ಅಪ್ಪಂಗೆ ಗೊತ್ತಾಗಿದ್ರೆ ಇನ್ನೊಂದ್ಸಲ ಹಿತ್ಲಲ್ಲಿ ಬೆಂಕಿ ಹಾಕೋರು." ನಗುತ್ತಲೇ ಇದ್ದಳು. ಆ ದಿನ ಸಾರು ಮಾಡಲಿಲ್ಲ. ಅವಲಕ್ಕಿ ಕೊಟ್ಟಳು.

ಕಳೆದ ವರ್ಷ ಅವಳು ಹಾಸನದ ಆಸ್ಪತ್ರೆ ಸೇರಿದಳು. ನಾನು ಒಂದೇ ಸಲ ಹೋದೆ. ಅದೂ ಬೇಲೂರಿಗೆ ಎಂದು ಹೇಳಿ. ಮುಖ ಊದಿಕೊಂಡಿತ್ತು. ಭಾವ ಔಷಧಿ ತರಲು ಕೆಳಗೆ ಹೋದಾಗ ಅವಳು ನನ್ನ ಕೈ ಹಿಡಿದು ಹೇಳಿದಳು:

"ಒಂದೇ ಒಂದ್ಸಲ ಅವರೆಲ್ಲರ ಮುಂದೆ ಹೇಳೇ. ನಮ್ಮಕ್ಕ ಮಾಡೋದು ಅಂತ. ಸಾರಿಗಲ್ಲ ಕಣೇ. ನಂಗೊಬ್ಳು ತಂಗಿ ಅವ್ಳೆ ಅಂತ ನಂಗೂ ಅನ್ನಿಸ್ಲಿ."

"ಹೇಳ್ತೀನಿ ಕಣಕ್ಕ. ಈ ತಿಂಗ್ಳೇ ಹೇಳ್ತೀನಿ" ಎಂದೆ.

ಆ ತಿಂಗಳ ಸಭೆಗೆ ಹೋದೆ. ಹಳೇಬೀಡಿನವರು ಮಾಡಿದ್ದ ಪಲಾವನ್ನು ತಿಂದೆ, ಅದನ್ನು ಬರೆದುಕೊಂಡೆ, ಮನೆಗೆ ಬಂದೆ. ಅತ್ತೆ ಪಕ್ಕದಲ್ಲಿದ್ದರು ಎನ್ನುವುದು ನೆಪ. ಬಾಯಿ ಬರಲಿಲ್ಲ. ಮುಂದಿನ ತಿಂಗಳ ಸಭೆಗೆ ಮೊದಲೇ ಅಕ್ಕ ಹೋದಳು.

ಹಗರೆಯಲ್ಲಿ ಅವಳ ಕಾರ್ಯದ ದಿನ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ಬುದ್ಧಂ ಶರಣಂ ಗಚ್ಛಾಮಿ ಎಂದು ತಿಸರಣ ಹೇಳಿದರು. ಪಕ್ಕದಲ್ಲಿ ಅಕ್ಕನ ಫೋಟೋ. ಎಲ್ಲರೂ ಊಟಕ್ಕೆ ಕೂತರು. ಅಕ್ಕನ ಅತ್ತೆ ಬಗ್ಗಲಾಗದ ಸೊಂಟವನ್ನು ಬಗ್ಗಿಸಿ ನನ್ನ ತಟ್ಟೆಗೆ ತಾವೇ ಬಡಿಸಿದರು. ಹೊಗೆಯ ವಾಸನೆ ಬಂತು.

"ನಿಮ್ಮತ್ತೆ ಮನೆ ಸಾರು ಕಣವ್ವ. ಉಣ್ಣು" ಎಂದರು.

ಗಟ್ಟಿಯಾಗಿ ಹೇಳಲಿಲ್ಲ. ನನಗೆ ಮಾತ್ರ ಕೇಳಿಸುವಷ್ಟು ಹೇಳಿದರು.

ಅಂದಿನಿಂದ ನನಗೆ ಅಡುಗೆಮನೆಯಲ್ಲಿ ನೆಮ್ಮದಿ ಇರಲಿಲ್ಲ. ಬಾಣಲೆಗೆ ನೀರು ಬಿಟ್ಟರೂ ಚುಂಯ್. ಕಾದ ಹೆಂಚು ತೊಳೆದರೂ ಚುಂಯ್. ಪ್ರತಿ ಸಲವೂ ನನ್ನ ಹಿಂದೆ ಯಾರೋ ಮುಚ್ಚೇ ಎಂದ ಹಾಗೆ. ಒಂದು ಮಧ್ಯಾಹ್ನ ದೋಸೆ ಹುಯ್ಯುತ್ತಿದ್ದಾಗ "ಬಂದೆ ಕಣಕ್ಕ" ಎಂದುಬಿಟ್ಟೆ. ಅತ್ತೆ ಹಜಾರದಿಂದ "ಯಾರ್ ಜೊತೆ ಮಾತು?" ಎಂದರು.

ಅತ್ತೆಯದು ಇನ್ನೊಂದು ಕಥೆಯಾಗಿತ್ತು. ಮೊದಮೊದಲು ಸಾರಿನ ಮಾತು ಬಂದರೆ ಸುಮ್ಮನೆ ನಗುತ್ತಿದ್ದವರು, ಬರಬರುತ್ತಾ ತಮ್ಮ ತಾಯಿ ಅದನ್ನು ಮಾಡುತ್ತಿದ್ದರು ಎಂದು ಹೇಳತೊಡಗಿದರು. ತಾಯಿ ಹಸಿರು ಸೀರೆ ಉಟ್ಟು ಒಲೆಯ ಮುಂದೆ ಕೂತಿರುತ್ತಿದ್ದದ್ದು, ಕೊಬ್ಬರಿ ಸುಡುವಾಗ ಮಕ್ಕಳನ್ನು ದೂರ ಕೂರಿಸುತ್ತಿದ್ದದ್ದು ಎಲ್ಲವನ್ನೂ ಹೇಳುತ್ತಿದ್ದರು. ಅತ್ತೆಗೆ ಐದು ವರ್ಷವಿದ್ದಾಗಲೇ ತಾಯಿ ಹೋಗಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಹೇಳುವಾಗ ಕಣ್ಣು ಒದ್ದೆಯಾಗುತ್ತಿತ್ತು.

ಅರಸೀಕೆರೆಯ ಆ ನಾಮಕರಣದಿಂದ ಬಂದವಳು ಮುಂದಿನ ಸಭೆಯಲ್ಲಿ ಹೇಳಲೇಬೇಕು ಎಂದು ಗಟ್ಟಿ ಮಾಡಿಕೊಂಡೆ. ಅವತ್ತು ಬೇಲೂರು, ಅರಸೀಕೆರೆಯಿಂದಲೂ ಹೆಂಗಸರು ಬಂದಿದ್ದರು. ಸಾರಿನ ಸರದಿ ನನ್ನದೇ. ಭವನದ ಹಿಂದೆ ಸೌದೆ ಒಲೆ ಹೂಡಿ ಮಾಡಿದೆ. ಪಾತ್ರೆಯನ್ನು ಇಳಿಸಿ ಎಲ್ಲರನ್ನೂ ಅಲ್ಲಿಗೇ ಕರೆದೆ.

"ಈ ಸಾರು ನಮ್ಮತ್ತೆಯವರದ್ದಲ್ಲ. ನಮ್ಮಕ್ಕಂದು. ಹಗರೆ ಅಕ್ಕಂದು. ಬೌದ್ಧರ ಮನೆಗೆ ಹೋಗಿ, ಮೊನ್ನೆ ಮೊನ್ನೆ ತೀರ್ಕಂಡ ನಮ್ಮಕ್ಕಂದು. ಅವಳಿಗೆ ಕೊಬ್ಬರಿ ಸುಡೋದು ಕಲಿಸಿದ್ದು ಅವಳತ್ತೆ. ನಾನು ಸುಳ್ಳು ಬರ್ದಿದ್ದೆ" ಎಂದೆ.

ಅತ್ತೆ ಕುರ್ಚಿಯಿಂದ ಮುಂದೆ ಬಾಗಿದರು.

"ಏಯ್, ಏನೇ ಅಂತೀಯ? ನಮ್ಮವ್ವ ಮಾಡ್ತಿರ್ಲಿಲ್ವಾ? ನಾನು ಕಣ್ಣಾರೆ ನೋಡಿವ್ನಿ ಕಣೇ!"

ಎಲ್ಲರೂ ಅತ್ತೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಟೀಚರಮ್ಮ ಬಂದು ನನ್ನ ಭುಜ ಹಿಡಿದರು. "ಅಕ್ಕ ಹೋದ ದುಃಖದಾಗ ಹಂಗ ಅನಸ್ತದ ರೀ. ಕೂಡ್ರಿ, ನೀರು ಕುಡೀರಿ."

ನಾನು ಎಣಿಸದೇ ಇದ್ದದ್ದು ಇದು. ಬೈಯುತ್ತಾರೆ, ಮುಖ ತಿರುಗಿಸುತ್ತಾರೆ, ಮನೆಯಲ್ಲಿ ಜಗಳವಾಗುತ್ತದೆ ಎಂದೆಲ್ಲ ಎಣಿಸಿದ್ದೆ. ನಂಬುವುದೇ ಇಲ್ಲ ಎಂದು ಎಣಿಸಿರಲಿಲ್ಲ. ನಾನು ಹೇಳಿದ ಸುಳ್ಳು ಒಬ್ಬ ಮುದುಕಿಯ ತಾಯಿಯಾಗಿ ಎದುರಿಗೆ ಕೂತಿತ್ತು.

ಇಕ್ಕಳ ತೆಗೆದುಕೊಂಡು ಒಂದು ಕೊಬ್ಬರಿ ಚೂರನ್ನು ಒಲೆಗೆ ಹಿಡಿದೆ. ಎಣ್ಣೆ ಹತ್ತಿಕೊಂಡು ಉರಿಯಿತು, ಆಮೇಲೆ ಕೆಂಪಗಾಯಿತು. ಸಾರಿಗೆ ಬಿಟ್ಟೆ. ಚುಂಯ್ ಎಂದಿತು.

"ಮುಚ್ಚಿ!" ಎಂದು ಕೂಗಿದೆ. ಯಾರಿಗೂ ಏನು ಮುಚ್ಚಬೇಕೆಂದು ತಿಳಿಯಲಿಲ್ಲ. ಹೊಗೆ ಮೇಲೆದ್ದು ನಿಂತವರ ಮುಖಗಳ ನಡುವೆ ಹರಡಿತು. ಇಬ್ಬರು ಕೆಮ್ಮಿದರು. ಬೇಲೂರಿನಿಂದ ಬಂದಿದ್ದ ಒಬ್ಬರು, ಹಿಂದಿನ ಸಾಲಿನಲ್ಲಿ ಅಷ್ಟು ಹೊತ್ತೂ ಸುಮ್ಮನೆ ನಿಂತಿದ್ದವರು, "ನಮ್ಮಮ್ಮನೂ ಹಿಂಗೇ ಬಿಡೋರು" ಎಂದರು. ಮೆಲ್ಲಗೆ ಹೇಳಿದರು. ನಾನು ಮೂರು ವರ್ಷ ಹೆದರಿದ್ದು ಆ ಮಾತಿಗೆ.

ಅತ್ತೆ ಮೂಗರಳಿಸಿ ಆ ಹೊಗೆಯನ್ನು ಎಳೆದುಕೊಂಡರು. ಇನ್ನೊಂದು ಸಲ ಎಳೆದುಕೊಂಡರು. ಏನನ್ನೋ ಹುಡುಕುವವರ ಹಾಗೆ ಕಣ್ಣು ಅತ್ತಿತ್ತ ಹೋಯಿತು.

"ಈ ವಾಸ್ನೆ ನಮ್ಮನೇಲಿ ಇರ್ಲಿಲ್ಲ" ಎಂದರು. ಕುರ್ಚಿಯ ಕೈ ಹಿಡಿದು ಎದ್ದು, "ನನ್ನನ್ನ ಮನೆಗೆ ಕರ್ಕಂಡ್ ಹೋಗಿ" ಎಂದರು. ನನಗೆ ಹೇಳಲಿಲ್ಲ, ಗೌಡರ ಮನೆಯವರಿಗೆ ಹೇಳಿದರು.

ನೋಟುಬುಕ್ಕನ್ನು ಅಲ್ಲೇ ತರಿಸಿ ಹಳೆಯ ಕೊನೆಯ ಸಾಲನ್ನು ಹೊಡೆದು ಹಾಕಿದೆ. ಕೆಂಡದ ಕೆಲಸವನ್ನು ಬರೆದು, ಕೆಳಗೆ ಕಲಿತದ್ದು ಯಾರ ಕೈಯಿಂದ ಎಂದು ಬರೆದೆ. ಬರೆಯುವಾಗ ಅಕ್ಷರ ಗುಂಡಗೆ ಬರಲಿಲ್ಲ.

ಮನೆಯಲ್ಲಿ ಜಗಳವಾಗಲಿಲ್ಲ. ಗಂಡ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಕಾಫಿ ಕೇಳಿದರು. ಅತ್ತೆ ಮಾತ್ರ ಒಂದು ವಾರದ ಮೇಲೆ, ನಾನು ಅವರ ತಲೆ ಬಾಚುತ್ತಿದ್ದಾಗ ಹೇಳಿದರು: "ನಮ್ಮವ್ವನ ಮಖ ನಂಗೆ ನೆನಪಿರ್ಲಿಲ್ಲ ಕಣೇ. ಆ ಸಾರಿನ್ ದೆಸೆಯಿಂದ ಬಂದಿತ್ತು. ಈಗ ಮತ್ತೆ ಹೋಯ್ತು." ಅಕ್ಕನಿಂದ ತೆಗೆದು ಇವರಿಗೆ ಕೊಟ್ಟೆ, ಇವರಿಂದ ತೆಗೆದು ಅಕ್ಕನಿಗೆ ಕೊಟ್ಟೆ. ಎರಡು ಸಲವೂ ಯಾರನ್ನೂ ಕೇಳಲಿಲ್ಲ.

ಆಮೇಲೆ ಒಂದು ದಿನ, "ಹಗರೆಗೆ ಹೋಗಿ ಬರ್ತೀನಿ" ಎಂದು ಹೇಳಿ ಹಗರೆಗೆ ಹೋದೆ. ಅತ್ತೆ ಹೂಂ ಎಂದರು. ಚೀಲದಲ್ಲಿ ಎರಡು ಕೊಬ್ಬರಿ ಇತ್ತು, ಹೊಸ ಹಾಳೆಯ ಜೆರಾಕ್ಸ್ ಇತ್ತು.

ಅಕ್ಕನ ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಹಾಳೆಯನ್ನು ಕೈಗೆ ಕೊಟ್ಟೆ. ಅವರಿಗೆ ಓದು ಬರುವುದಿಲ್ಲ. ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟರು.

"ಓದವ್ವ."

ಓದಿದೆ. ಹುರುಳಿ ತೊಳೆಯುವುದರಿಂದ ಹಿಡಿದು ಮುಚ್ಚಳ ಮುಚ್ಚುವ ತನಕ ಓದಿ, ಕೊನೆಯ ಸಾಲಿಗೆ ಬಂದೆ. "ಇದು ಹಗರೆಯ ನಮ್ಮಕ್ಕನ ಕೈಯಿಂದ ಕಲಿತದ್ದು. ಅವಳು ಕಲಿತದ್ದು ನಮ್ಮವ್ವನಿಂದ ಮತ್ತು ಅವಳ ಅತ್ತೆಯಿಂದ."

ಅವರು ಅವರೆಕಾಯಿಯ ಮೇಲಿನ ಕಣ್ಣನ್ನು ಎತ್ತಲಿಲ್ಲ.

"ಆ ಕಡೇದು ಇನ್ನೊಂದ್ಸಲ ಓದು."

ಓದಿದೆ.

"ಗಟ್ಟಿಯಾಗಿ ಓದು. ಒಳಕ್ಕೆ ಕೇಳಿಸ್ಲಿ."

ಒಳಗೆ ಯಾರೂ ಇರಲಿಲ್ಲ. ಭಾವ ಶಾಲೆಗೆ ಹೋಗಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕಕ್ಕೆ ಅಕ್ಕ. ನಾನು ಬಾಗಿಲ ಕಡೆ ತಿರುಗಿ ಮೂರನೇ ಸಲ ಓದಿದೆ. 'ನಮ್ಮಕ್ಕನ' ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಚುಂಯ್ ಎಂದು ಕೇಳಿಸಿತು.

"ಹಾಲು ಉಕ್ತು ಅನ್ಸುತ್ತೆ, ನೋಡವ್ವ" ಎಂದರು ಅಕ್ಕನ ಅತ್ತೆ.

ಹಾಲೇ ಉಕ್ಕಿತ್ತು. ಒಲೆಯ ಮೇಲೆಲ್ಲ ಹರಿದಿತ್ತು. ಆರಿಸುವುದು ಬಿಟ್ಟು ನನ್ನ ಕೈ ಹಿತ್ತಾಳೆಯ ತಟ್ಟೆಯನ್ನು ಹುಡುಕುತ್ತಿತ್ತು.